ಹೈಡ್ರೋಕಾರ್ಟಿಸೋನ್ 1%: ಕ್ರೀಮ್ ಒಳ್ಳೆಯದೋ, ಆಯಿಂಟ್‌ಮೆಂಟೋ?

ಚರ್ಮದ ನವೆ, ಕೆಂಪು ಇಳಿಸುವ ಈ ಸೌಮ್ಯ ಸ್ಟಿರಾಯ್ಡ್‌ನ ಎರಡೂ ರೂಪಗಳನ್ನು ವರ್ಷಗಟ್ಟಲೆ ಬಳಸಿದ ಮೇಲೆ ಹೇಳುವುದಾದರೆ, ಔಷಧಿ ಒಂದೇ ಆದರೂ ಟ್ಯೂಬ್ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಒಣಗಿ ಹೊಟ್ಟೇಳುವ, ಬಿರುಕುಬಿಟ್ಟ ಚರ್ಮಕ್ಕೆ ಆಯಿಂಟ್‌ಮೆಂಟೇ ಸರಿ. ಅದರ ಜಿಡ್ಡು ತೇವ ಹಿಡಿದಿಟ್ಟು ಔಷಧಿಯನ್ನೂ ಚೆನ್ನಾಗಿ ಒಳಗಿಳಿಸುತ್ತದೆ. ನೀರು ಒಸರುವ ಅಥವಾ ಕೂದಲಿರುವ ಜಾಗಕ್ಕೆ ಕ್ರೀಮ್. ಆದರೆ ಕ್ರೀಮಿನಲ್ಲಿ ನೀರಿರುವುದರಿಂದ ಕೆಡದಂತೆ ಸಂರಕ್ಷಕ ಸೇರಿಸಿರುತ್ತಾರೆ. ಒಡೆದ ಚರ್ಮ ಚುರುಗುಟ್ಟಿದರೆ ಮೊದಲು ಅದನ್ನೇ ಶಂಕಿಸಿ. ಆಯಿಂಟ್‌ಮೆಂಟ್ ಬಟ್ಟೆಗೆ ಮೆತ್ತುತ್ತದೆ. ಅದರ ಪ್ಯಾರಾಫಿನ್ ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಲೆಯ ಹತ್ತಿರ ಎಚ್ಚರ.

ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಒಂದು ಎಳೆ ಸುಮಾರು 0.5 ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಇದು ಸಾಕು. ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರಿ ಕಡಲೆಕಾಳಿನಷ್ಟನ್ನು ಇಡೀ ತೋಳಿಗೆ ಸವರಿದವರೇ ಆಮೇಲೆ ‘ಕೆಲಸ ಮಾಡಲಿಲ್ಲ’ ಅಂತ ಒಂದು ಸ್ಟಾರ್ ಕೊಡುವುದು! ದಿನಕ್ಕೆ ಒಂದು ಅಥವಾ ಎರಡು ಬಾರಿ, ಕೆಂಪಾದ ಜಾಗಕ್ಕೆ ಮಾತ್ರ. ಮಾಯಿಶ್ಚರೈಸರ್‌ಗೂ ಇದಕ್ಕೂ ನಡುವೆ 20–30 ನಿಮಿಷ ಬಿಡಿ, ಇಲ್ಲದಿದ್ದರೆ ಔಷಧಿ ತೆಳುವಾಗಿ ಬೇಡದ ಕಡೆಗೂ ಹರಡುತ್ತದೆ. ವೈದ್ಯರನ್ನು ಕೇಳದೆ 7 ದಿನ ದಾಟಬೇಡಿ.

ದೊಡ್ಡ ಎಡವಟ್ಟಾಗುವುದು ಹುಳುಕಡ್ಡಿಗೆ, ಅಂದರೆ ಚರ್ಮದ ಶಿಲೀಂಧ್ರ ಸೋಂಕಿಗೆ, ಹಚ್ಚಿದಾಗ. ಎರಡು ದಿನದಲ್ಲಿ ನವೆ ಇಳಿದು ವಾಸಿಯಾದಂತೆ ಕಾಣುತ್ತದೆ. ನಿಜವಾಗಿ ಶಿಲೀಂಧ್ರವನ್ನು ತಡೆಯುತ್ತಿದ್ದ ದೇಹದ ಪ್ರತಿಕ್ರಿಯೆಯನ್ನೇ ಸ್ಟಿರಾಯ್ಡ್ ಅಡಗಿಸಿರುತ್ತದೆ, ಶಿಲೀಂಧ್ರ ಆರಾಮಾಗಿ ಹಬ್ಬುತ್ತಿರುತ್ತದೆ. ಉಂಗುರದಂಥ ಅಂಚು ಮಾಸಿಹೋಗಿ ಆಮೇಲೆ ವೈದ್ಯರಿಗೂ ಗುರುತಿಸುವುದು ಕಷ್ಟ. ಹಾಗಾಗಿ ಅಂಚು ಉಬ್ಬಿ ನಡುಭಾಗ ತಿಳಿಯಾಗಿದ್ದರೆ ಟ್ಯೂಬ್ ಮುಟ್ಟಲೇಬೇಡಿ.

ಮುಖಕ್ಕೆ, ಮೊಡವೆಗೆ, ಬೆಳ್ಳಗಾಗಲು ಬೇಡವೇ ಬೇಡ. ಬಾಯಿಯ ಸುತ್ತ ಕೆಂಪು ಗುಳ್ಳೆ ಏಳುತ್ತವೆ, ನಿಲ್ಲಿಸಿದ ಕೂಡಲೇ ಇನ್ನಷ್ಟು ಕೆರಳುತ್ತವೆ, ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ರೆಪ್ಪೆ, ಕಂಕುಳು, ತೊಡೆಸಂದಿನ ಚರ್ಮ ತೆಳು, ಔಷಧಿ ಹೆಚ್ಚು ಹೀರುತ್ತದೆ. ಮಗುವಿನ ಡೈಪರ್ ಕೂಡ ಬಿಗಿಯಾದ ಪಟ್ಟಿ ಕಟ್ಟಿದಂತೆಯೇ, ಅದರಡಿ ಔಷಧಿ ಹೆಚ್ಚು ಒಳಗಿಳಿಯುತ್ತದೆ.

ಕೀಟ ಕಡಿತ, ಸೌಮ್ಯ ಇಸುಬಿಗೆ 5ಕ್ಕೆ 4. ಅಂಗೈ, ಅಂಗಾಲಿನ ದಪ್ಪ ಚರ್ಮದಲ್ಲಿ ಮಾತ್ರ ಇದು ಸರಿಯಾಗಿ ಇಳಿಯುವುದಿಲ್ಲ. ಅದಕ್ಕೆಂದು ಮನೆಯಲ್ಲಿ ಉಳಿದಿರುವ ಕ್ಲೋಬೆಟಾಸಾಲ್‌ಗೆ ಕೈ ಹಾಕಬೇಡಿ: ಅದು ಇದೇ ಬಳಗದ ಅತಿ ಪ್ರಬಲ ದರ್ಜೆಯದು, ವೈದ್ಯರು ದಿನ ಎಣಿಸಿ ಕೊಡುವಂಥದ್ದು.