ನಿಲ್ಲುವ ವಿಳಾಸ ಬೇಕು: ಡೆಬಿಯನ್‌ನಲ್ಲಿ ಐಪಿವಿ6ಕ್ಕೆ ಮೂರು ದಾರಿ

ಅಪ್ಪಯ್ಯ ಊರೂರು ತಿರುಗಿ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟ ತಾಳಮದ್ದಳೆಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಮುಗಿಸುವಷ್ಟರಲ್ಲಿ ಎರಡು ವರ್ಷ ಕಳೆಯಿತು. ಆ ಕಡತಗಳು ಶಿರಸಿಯ ನಮ್ಮ ಮನೆಯ ಮೂಲೆಯಲ್ಲಿರುವ ಹಳೆಯ ಸಣ್ಣ ಕಂಪ್ಯೂಟರಿನಲ್ಲಿವೆ. ಅದರಲ್ಲಿ ಓಡುತ್ತಿರುವುದು ಡೆಬಿಯನ್ 12 ಎಂಬ ಲಿನಕ್ಸ್. ಜರ್ಮನಿಯಲ್ಲಿರುವ ತಮ್ಮನಿಗೆ ಅವನ್ನು ಅಲ್ಲಿಂದಲೇ ಕೇಳುವ ಆಸೆ. ಪರರ ಕ್ಲೌಡಿನಲ್ಲಿ ಹಾಕಿಡಲು ನನಗೆ ಮನಸ್ಸಾಗಲಿಲ್ಲ. ಅಪ್ಪಯ್ಯನ ದನಿ ನಮ್ಮ ಮನೆಯಿಂದಲೇ ಅವನ ಮನೆಗೆ ಹೋಗಬೇಕೆಂದು ಹಟ ಹಿಡಿದೆ.

ಕೊಂಡಿ ಕಳಿಸಿದೆ. "ಅಕ್ಕಾ, ತೆರೆಯುತ್ತಿಲ್ಲ" ಎಂದ. ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ನಮ್ಮ ಫೈಬರ್ ಸಂಪರ್ಕದ ಹೊರಮುಖದ ವಿಳಾಸ 100.72ರಿಂದ ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ಈ ಗುಂಪನ್ನು 2012ರಲ್ಲಿ ಎತ್ತಿಟ್ಟದ್ದೇ ಒಂದು ಸಾರ್ವಜನಿಕ ಐಪಿವಿ4 (ಇಂಟರ್ನೆಟ್ಟಿನ ಹಳೆಯ ಬಗೆಯ) ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಕಂಪನಿಗಳಿಗಾಗಿ. ಇಂಥ ಮನೆಯಿಂದ ಹೊರಗೆ ಹೋಗಬಹುದು, ಹೊರಗಿನವರು ಬಂದು ಬಾಗಿಲು ತಟ್ಟಲಾಗದು. 32 ಬಿಟ್‌ಗಳ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್‌ನಲ್ಲೇ ತನ್ನ ಕಟ್ಟಕಡೆಯ ದೊಡ್ಡ ಗುಂಪಿಗೆ ಕೈ ಹಾಕಿತ್ತು. 128 ಬಿಟ್‌ಗಳ ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯನ್ನು ಮೊದಲು ಬರೆದಿಟ್ಟದ್ದು 1995ರಲ್ಲಿ. ತಮ್ಮನ ಮನೆಯ ಸಂಪರ್ಕದಲ್ಲಿ ಅದು ಮೊದಲಿಂದಲೂ ಇದೆ. ಇಲ್ಲದ್ದು ನನ್ನ ಕಡೆ.

ಮೂರು ದಾರಿಗಳನ್ನು ಒಂದರ ನಂತರ ಒಂದರಂತೆ, ಒಂದೊಂದಕ್ಕೂ ಕನಿಷ್ಠ ಒಂದು ತಿಂಗಳು ಕೊಟ್ಟು ನೋಡಿದೆ. ವೇಗವನ್ನೂ ಅಳೆದೆ, ಆದರೆ ನನ್ನ ನಿಜವಾದ ಪ್ರಶ್ನೆ ಬೇರೆ: ಸಿಕ್ಕ ವಿಳಾಸ ನಾಳೆಯೂ ಅದೇ ಇರುತ್ತದೆಯೇ? ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೂ ತಮ್ಮ ಅದೇ ವಿಳಾಸಕ್ಕೆ ಬಂದು ತಟ್ಟಬಹುದೇ?

ಕಂಪನಿ ಕೊಟ್ಟದ್ದು

ನಮ್ಮ ಸೇವೆಯಲ್ಲಿ ಐಪಿವಿ6 ಇದೆಯೇ ಎಂದು ಸಹಾಯವಾಣಿಗೆ ಮೂರು ಸಲ ಕೇಳಿ ಮೂರು ಬಗೆಯ ಉತ್ತರ ಪಡೆದೆ. ಆಮೇಲೆ ಅವರ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ಬಂದದ್ದನ್ನು ಹಾಗೆಯೇ ದಾಟಿಸುವ ಬಗೆಗೆ) ಹಾಕಿಸಿ, ಪಿಪಿಪಿಒಇ ಲಾಗಿನ್ (ಹೆಸರು, ಗುಪ್ತಪದ ಕೊಟ್ಟು ಕಂಪನಿಯ ಜಾಲಕ್ಕೆ ಸೇರುವ ಕೆಲಸ) ಅನ್ನು ಡೆಬಿಯನ್ ಯಂತ್ರಕ್ಕೇ ವಹಿಸಿದೆ. ಆ ಲಾಗಿನ್ ಮಾಡುವ ಪಿಪಿಪಿಡಿ ಪ್ರೋಗ್ರಾಮಿನ ಕಡತದಲ್ಲಿ ಐಪಿವಿ6 ಬೇಕೆನ್ನುವ ಒಂದು ಸಾಲು ಸೇರಿಸಿ ಮತ್ತೆ ಸಂಪರ್ಕಿಸಿದಾಗ ಪಿಪಿಪಿ0 ಎಂಬ ಆ ಹೊರಸಂಪರ್ಕದ ಮೇಲೆ ಎಫ್‌ಇ80ರಿಂದ ಶುರುವಾಗುವ ವಿಳಾಸ ಕಾಣಿಸಿತು. ಆ ಕಡೆಯ ಯಂತ್ರವೂ ಒಪ್ಪಿದೆ ಎಂಬುದಕ್ಕೆ ಅದೇ ಗುರುತು. ವಿಳಾಸ ಬೇಡಿ ಪಡೆಯುವ ಪದ್ಧತಿಯಾದ ಡಿಎಚ್‌ಸಿಪಿವಿ6 ಮೂಲಕ ಪ್ರಿಫಿಕ್ಸ್ (ಮನೆಯ ವಿಳಾಸಗಳಿಗೆಲ್ಲ ಸಮಾನವಾದ ಮೊದಲ ಭಾಗ) ಕೇಳಿದೆ, /56 ಬಂತು, ಎಂದರೆ ಮೊದಲ 56 ಬಿಟ್ ನಿಗದಿಯಾದದ್ದು. ಅಂದರೆ 256 ಉಪಜಾಲಗಳು, ಒಂದೊಂದೂ /64. ಇದ್ದದ್ದನ್ನು ಇದೆ ಎಂದು ಹೇಳುವವರು ಕಂಪನಿಯಲ್ಲಿ ಇರಲಿಲ್ಲ, ಅಷ್ಟೆ.

ಇಲ್ಲಿ ಯಾವ ಉಪಕರಣ ಬಳಸಬೇಕೆಂಬುದೂ ಒಂದು ಹೋಲಿಕೆಯೇ. ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಸಾಕು. ಐಪಿವಿ6 ಅನ್ನು 'ಆಟೋ' ಎಂದು ಬಿಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ರೂಟರ್ ಆಗಬೇಕಾದ ಯಂತ್ರಕ್ಕೆ ಅದು ನನಗೆ ಒಗ್ಗಲಿಲ್ಲ. ಡೆಬಿಯನ್‌ನ ಹಳೆಯ ಇಫ್‌ಅಪ್‌ಡೌನ್ ಜೊತೆಗೆ ಡಿಎಚ್‌ಸಿಪಿವಿ6ಕ್ಕೊಂದು, ಒಳಜಾಲಕ್ಕೆ ಪ್ರಿಫಿಕ್ಸ್ ಸಾರಲು ರಾಡ್‌ವಿಡಿ ಎಂಬುದೊಂದು ಪ್ರತ್ಯೇಕ ಪ್ರೋಗ್ರಾಂ ಬೇಕು. ಮೂರು ಕಡತಗಳಲ್ಲಿ ಮೂರು ಬಗೆಯ ಬರವಣಿಗೆ. ಒಂದು ಎದ್ದು ಇನ್ನೊಂದು ಏಳದಿದ್ದರೆ ಇಡೀ ಮನೆ ಕತ್ತಲು. ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಪಿಪಿಪಿಒಇ ಕೆಲಸ ಮಾಡುವುದಿಲ್ಲ, ಆದರೆ ಪಿಪಿಪಿಡಿ ಎಬ್ಬಿಸಿದ ಸಂಪರ್ಕವನ್ನು ಕೈಗೆತ್ತಿಕೊಂಡು, ಪ್ರಿಫಿಕ್ಸ್ ಪಡೆದು, ಅದರಿಂದ /64 ಕತ್ತರಿಸಿ ಒಳಗಿನ ಯಂತ್ರಗಳಿಗೆ ಸಾರುವ ಕೆಲಸವನ್ನೆಲ್ಲ ಎರಡು ಸಣ್ಣ ಕಡತಗಳಲ್ಲಿ ಮುಗಿಸುತ್ತದೆ. ನಾನು ಅದಕ್ಕೇ ನಿಂತೆ. ಇದರ ಕೆಲವು ಸೂಚಕಗಳ ಹೆಸರು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ಹಳೆಯ ಲೇಖನ ನೋಡಿ ಬರೆದದ್ದು ಕೆಲಸ ಮಾಡದಿದ್ದರೆ ನಿಮ್ಮ ಯಂತ್ರದಲ್ಲೇ ಇರುವ ಕೈಪಿಡಿಯನ್ನು ಓದಿ.

ಒಂದು ಗುಂಡಿಗೆ ಹೆಚ್ಚಿನವರು ಬೀಳುತ್ತಾರೆ. ಯಂತ್ರವನ್ನು ರೂಟರ್ ಮಾಡಲು ಐಪಿವಿ6 ಫಾರ್ವರ್ಡಿಂಗ್ (ಬೇರೆ ಯಂತ್ರಗಳ ಮಾಹಿತಿಯನ್ನು ದಾಟಿಸುವುದು) ಶುರು ಮಾಡಿದ ತಕ್ಷಣ ಹೊರಗೆ ಹೋಗುವ ದಾರಿ ಮಾಯವಾಯಿತು. ಲಿನಕ್ಸ್ ಕರ್ನಲ್‌ನ ನಿಯಮ ಹೀಗಿದೆ: ತಾನೇ ರೂಟರ್ ಆದ ಯಂತ್ರ ಬೇರೆ ರೂಟರಿನ ಡಂಗುರಕ್ಕೆ ಕಿವಿಗೊಡಬಾರದು. ನಮಗೋ ಕಂಪನಿಯ ರೂಟರ್ ಸಾರಿದ್ದೂ ಬೇಕು, ಮನೆಯೊಳಗೆ ನಾವು ಸಾರುವುದೂ ಬೇಕು. ಪಿಪಿಪಿ0 ಮೇಲೆ 'ಆಕ್ಸೆಪ್ಟ್ ಆರ್‌ಎ' ಸೂಚಕವನ್ನು 1ರ ಬದಲು 2 ಮಾಡಿದರೆ ಎರಡೂ ನಡೆಯುತ್ತದೆ. ನೆಟ್‌ವರ್ಕ್‌ಡಿಯಲ್ಲಾದರೆ ಆ ಕಡೆಯ ಘೋಷಣೆಯನ್ನು ಒಪ್ಪಿಕೊ ಎಂದು ಕಡತದಲ್ಲೇ ಬರೆಯಬೇಕು. ನಾನು ಇದನ್ನು ತಿಳಿಯಲು ಒಂದು ಇಡೀ ಭಾನುವಾರ ಕಳೆದೆ.

ಫೈರ್‌ವಾಲ್ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಐಪಿವಿ4ರಲ್ಲಿ ನ್ಯಾಟ್ (ಒಂದೇ ವಿಳಾಸವನ್ನು ಹಲವು ಯಂತ್ರಗಳಿಗೆ ಹಂಚುವ ಪದ್ಧತಿ) ಎಂಬ ಗೋಡೆ ತಾನಾಗಿಯೇ ಇರುತ್ತಿತ್ತು. ಐಪಿವಿ6ರಲ್ಲಿ ಟಿವಿಗೂ ಪ್ರಿಂಟರಿಗೂ ಜಗತ್ತಿಗೆ ಕಾಣುವ ವಿಳಾಸ ಬರುತ್ತದೆ. ಆದ್ದರಿಂದ ಪ್ರಿಫಿಕ್ಸ್ ಕೇಳುವ ಮೊದಲೇ ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನಲ್ಲಿ ನಿಯಮ ಬರೆದಿಡಿ: ಒಳಗಿನಿಂದ ಶುರುವಾದ ಮಾತಿಗೆ ಬರುವ ಉತ್ತರ ಒಳಗೆ ಬರಲಿ, ಹಾಡಿನ ಯಂತ್ರದ 443ನೇ ಪೋರ್ಟ್ (ಸುರಕ್ಷಿತ ಜಾಲಪುಟದ ಬಾಗಿಲು) ತೆರೆದಿರಲಿ, ಉಳಿದದ್ದೆಲ್ಲ ಮುಚ್ಚಿರಲಿ. ಆದರೆ ಐಸಿಎಂಪಿವಿ6 ಅನ್ನು ಸಾರಾಸಗಟಾಗಿ ಮುಚ್ಚಬೇಡಿ. ಪಕ್ಕದ ಯಂತ್ರವನ್ನು ಹುಡುಕುವುದೂ, 'ಪ್ಯಾಕೆಟ್ ದೊಡ್ಡದಾಯಿತು, ಸಣ್ಣದು ಕಳಿಸು' ಎಂದು ಹೇಳಿಕಳಿಸುವುದೂ ಅದರಿಂದಲೇ. ಐಪಿವಿ6ರಲ್ಲಿ ನಡುದಾರಿಯ ರೂಟರುಗಳು ಪ್ಯಾಕೆಟ್ಟನ್ನು ಒಡೆಯುವುದಿಲ್ಲ, ಹೇಳಿಕಳಿಸುವುದಷ್ಟೇ ಅವುಗಳ ಕೆಲಸ.

ಎಲ್ಲ ಸರಿಯಾಗಿ ತಮ್ಮ ಮೊದಲ ಸಲ ಕೇಳಿದ. ವೇಗದಲ್ಲಿ ಈ ದಾರಿಗೆ ಸಮನಾದದ್ದಿಲ್ಲ. ಬೆಂಗಳೂರಿನ ಒಂದು ಸರ್ವರಿಗೆ 15 ಮಿಲಿಸೆಕೆಂಡಿನ ಆಸುಪಾಸು. ಮೂರನೆಯ ದಿನ ಗುಡುಗು ಮಳೆ ಬಂದು ಕರೆಂಟು ಹೋಯಿತು. ಮರಳಿ ಬಂದಾಗ /56 ಬೇರೆಯಾಗಿತ್ತು. ಯಂತ್ರ ಪೂರ್ತಿ ಆರಿ ಹೊತ್ತಿದ್ದರಿಂದ ಹಳೆಯ ಪ್ರಿಫಿಕ್ಸ್ ಅದಕ್ಕೆ ನೆನಪೇ ಇರಲಿಲ್ಲ. ಬ್ಯಾಟರಿಯ ಮೇಲೆ ಬದುಕಿದ್ದ ಮೊಬೈಲುಗಳೋ ಹಳೆಯ ವಿಳಾಸವನ್ನೇ ಹಿಡಿದುಕೊಂಡು ಕೂತಿದ್ದವು. ನೆಟ್‌ವರ್ಕ್‌ಡಿಗೆ ಬರುವ ಮೊದಲು ಆಗ ನಾನು ಬಳಸುತ್ತಿದ್ದ ರಾಡ್‌ವಿಡಿ, ನಾವು ಬೇರೆ ಹೇಳದಿದ್ದರೆ, ಒಂದು ಪ್ರಿಫಿಕ್ಸಿಗೆ ಒಂದು ಇಡೀ ದಿನದ ಆಯುಷ್ಯ ಕೊಡುತ್ತದೆ. ಆಯುಷ್ಯವನ್ನು ಅರ್ಧ ಗಂಟೆಗೆ ಇಳಿಸಿದ ಮೇಲೆ ಮನೆಯೊಳಗಿನ ತೊಂದರೆ ನಿಂತಿತು. ಹೊರಗಿನಿಂದ ಬರುವವನ ತೊಂದರೆ ನಿಲ್ಲಲಿಲ್ಲ. ಡಿಎನ್ಎಸ್‌ನಲ್ಲಿ (ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆ) ನಮ್ಮ ಹೆಸರಿನ ಮುಂದಿನ ವಿಳಾಸವನ್ನು ತಾನಾಗಿ ಬದಲಿಸುವ ಸ್ಕ್ರಿಪ್ಟ್ ಬರೆದೆ. ಆದರೂ ಪ್ರತಿ ಸಲ ಒಂದಿಷ್ಟು ಹೊತ್ತು ತಮ್ಮ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿದ್ದ. ಸ್ಥಿರ ಪ್ರಿಫಿಕ್ಸ್ ಕೊಡಿ ಎಂದು ಕೇಳಿದೆ. ಮನೆ ಸಂಪರ್ಕಕ್ಕೆ ಕೊಡುವುದಿಲ್ಲ ಎಂದರು. ವಿಳಾಸಗಳಿಗೆ ಬರವೇ ಇಲ್ಲದ ವ್ಯವಸ್ಥೆಯಲ್ಲಿ ಹೀಗೆ ಮಾಡುವುದು ನನಗೆ ಇಂದಿಗೂ ಅನ್ಯಾಯವೆಂದೇ ಕಾಣುತ್ತದೆ.

ಸುರಂಗ

ಎರಡನೆಯದು ಹಳೆಯ ದಾರಿ: ಐಪಿವಿ6 ಪ್ಯಾಕೆಟ್ಟನ್ನು ಐಪಿವಿ4 ಪ್ಯಾಕೆಟ್ಟಿನೊಳಗೆ ಇಟ್ಟು ಕಳಿಸುವುದು. ಹರಿಕೇನ್ ಎಲೆಕ್ಟ್ರಿಕ್ ಎಂಬ ಅಮೆರಿಕದ ಕಂಪನಿ ಇದನ್ನು ಬಹಳ ವರ್ಷಗಳಿಂದ ಉಚಿತವಾಗಿ ನಡೆಸುತ್ತಿದೆ. ಕೇಳಿದರೆ /48 ಕೂಡ ಕೊಡುತ್ತದೆ. ಅದರಲ್ಲಿ 65,536 ಉಪಜಾಲಗಳು, ಮತ್ತು ಅವು ಬದಲಾಗುವುದಿಲ್ಲ. ಇದೇ ಕೆಲಸ ಮಾಡುತ್ತಿದ್ದ ಯುರೋಪಿನ ಸಿಕ್ಸೆಕ್ಸ್‌ಎಸ್ 2017ರ ಜೂನ್ 6ರಂದು ತಾನಾಗಿಯೇ ಬಾಗಿಲು ಹಾಕಿಕೊಂಡಿತು. ಐಪಿವಿ6 ಕೊಡಬೇಕಾದದ್ದು ಇಂಟರ್ನೆಟ್ ಕಂಪನಿಗಳ ಕೆಲಸ, ಸುರಂಗ ಅವುಗಳಿಗೆ ನೆಪವಾಗಬಾರದು ಎಂಬ ನಿಲುವಿನಿಂದ. ಆ ನಿಲುವಿನ ಬಗ್ಗೆ ನನಗೆ ಗೌರವವಿದೆ.

ಈ ಸುರಂಗಕ್ಕೆ ಹೊರಗಿನಿಂದ ತಲುಪಬಹುದಾದ ಐಪಿವಿ4 ವಿಳಾಸ ಬೇಕು. ಇದರ ಪ್ಯಾಕೆಟ್ಟುಗಳು ಟಿಸಿಪಿಯೂ ಅಲ್ಲ, ಯುಡಿಪಿಯೂ ಅಲ್ಲ, 41ನೇ ಸಂಖ್ಯೆಯ ಬೇರೆಯೇ ಪ್ರೋಟೋಕಾಲ್. ಹಂಚಿಕೊಂಡ ವಿಳಾಸದ ಹಿಂದೆ ಇರುವವರಿಗೆ ಅವು ದಾಟಿ ಬರುವುದಿಲ್ಲ. ಪ್ರಯೋಗಕ್ಕೆಂದೇ ಒಂದು ತಿಂಗಳಿಗೆ ಸ್ಥಿರ ಐಪಿವಿ4 ವಿಳಾಸವನ್ನು ದುಡ್ಡು ಕೊಟ್ಟು ತೆಗೆದುಕೊಂಡೆ. ಡೆಬಿಯನ್‌ನಲ್ಲಿ 'ಸಿಟ್' ಬಗೆಯ ಸಂಪರ್ಕ ಕಟ್ಟಲು ನಾಲ್ಕು ಸಾಲು, ಐದು ನಿಮಿಷ. ಮೂರು ದಾರಿಗಳಲ್ಲಿ ಅತಿ ಸರಳವಾದ ಸೆಟ್ಟಿಂಗ್ ಇದೇ.

ಸಣ್ಣ ಪುಟಗಳು ತಟಕ್ಕನೆ ತೆರೆದವು. ಆದರೆ ದೊಡ್ಡ ಕಡತಗಳು ಶುರುವಾಗಿ ಅಲ್ಲಿಯೇ ನಿಂತವು. ಲೆಕ್ಕ ಸರಳ, ಕಾಣಲು ಮಾತ್ರ ಎರಡು ದಿನ ಬೇಕಾಯಿತು: ಮಾಮೂಲಿ ಈಥರ್‌ನೆಟ್ 1500 ಬೈಟ್ ಹೊರುತ್ತದೆ, ಸುರಂಗದ ಹೊದಿಕೆಗೆ 20 ಹೋದರೆ 1480. ನನ್ನದು ಪಿಪಿಪಿಒಇ ಆದ್ದರಿಂದ ಅಡಿಪಾಯವೇ 1492, ಸುರಂಗಕ್ಕೆ ಉಳಿಯುವುದು 1472. ನನ್ನ ತುದಿಯಲ್ಲಿ 1472 ಹಾಕಿದರೆ ಅರ್ಧ ಕೆಲಸ ಮಾತ್ರ ಆಯಿತು. ಆ ತುದಿ ಇನ್ನೂ 1480ರ ಪ್ಯಾಕೆಟ್ಟುಗಳನ್ನೇ ಕಳಿಸುತ್ತಿತ್ತು. ಸುರಂಗ ಸೇವೆಯ ಪುಟದಲ್ಲೂ ಅದೇ ಅಳತೆ ಕೊಟ್ಟ ಮೇಲೆ ಹರಿಯಿತು.

ವಿಳಾಸ ತಿಂಗಳಿಡೀ ಅಲುಗಾಡಲಿಲ್ಲ. ಅದು ದೊಡ್ಡ ಗುಣ. ಆದರೆ ನಾನು ಆರಿಸಿದ ಹತ್ತಿರದ ತುದಿ ಸಿಂಗಾಪುರ. ಬೆಂಗಳೂರಿನ ಅದೇ ಸರ್ವರಿಗೆ ಹೋಗಲು ಸಮುದ್ರ ದಾಟಿ ಮರಳಿ ಬರಬೇಕಾಗಿ 100 ಮಿಲಿಸೆಕೆಂಡ್ ಮೀರಿತು. ಒಂದು ಸಿನಿಮಾ ಸೇವೆ ನಮ್ಮ ಮನೆಯವರನ್ನು ಬೇರೆ ದೇಶದವರೆಂದು ತಿಳಿದು ಒಳಗೆ ಬಿಡಲಿಲ್ಲ, ಅದರ ದೂರು ಅಡುಗೆಮನೆಯವರೆಗೂ ಬಂತು. ಸುರಂಗದಲ್ಲಿ ಗೂಢಲಿಪಿಯೂ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದಿಲ್ಲ ಎಂದು ಮನಸ್ಸಿಟ್ಟು ಹೇಳುತ್ತೇನೆ. ಪ್ರಿಫಿಕ್ಸ್, ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ), ರೂಟ್ ಎಲ್ಲವೂ ಕೈಗೆ ಸಿಕ್ಕುವ ಹಾಗೆ ಬಿಡಿಬಿಡಿಯಾಗಿ ಇಲ್ಲಿವೆ. ಆದರೆ ಐಪಿವಿ6ಕ್ಕಾಗಿ ಐಪಿವಿ4 ವಿಳಾಸ ಕೊಳ್ಳುತ್ತಲೇ ಇರಲು ನಾನು ಸಿದ್ಧಳಿರಲಿಲ್ಲ.

ಬಾಡಿಗೆ ಸರ್ವರ್ ಮತ್ತು ವೈರ್‌ಗಾರ್ಡ್

ಮೂರನೆಯದರಲ್ಲಿ ಬೆಂಗಳೂರಿನ ಡೇಟಾ ಕೇಂದ್ರದಲ್ಲಿ ಒಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿದು, ಅದರ ಐಪಿವಿ6 ಪ್ರಿಫಿಕ್ಸನ್ನು ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗದ ಮೂಲಕ ಮನೆಗೆ ತಂದೆ. ವೈರ್‌ಗಾರ್ಡ್ 2020ರಲ್ಲಿ ಬಂದ ಲಿನಕ್ಸ್ 5.6ರಿಂದ ಕರ್ನಲ್‌ನೊಳಗೇ ಇದೆ. ಅದು ಯುಡಿಪಿ ಮೇಲೆ ಓಡುತ್ತದೆ, ಮಾತು ಶುರು ಮಾಡುವುದು ಮನೆಯ ಯಂತ್ರ, ಆದ್ದರಿಂದ ಹಂಚಿಕೊಂಡ ಐಪಿವಿ4ರ ಹಿಂದಿನಿಂದಲೂ ಕೆಲಸ ಮಾಡುತ್ತದೆ. 25 ಸೆಕೆಂಡಿಗೊಮ್ಮೆ ಜೀವಂತವಿದ್ದೇನೆ ಎಂದು ತಿಳಿಸುವ ಒಂದು ಸಾಲು ಸೇರಿಸಿದರೆ ನಡುವಿನ ಪೆಟ್ಟಿಗೆಗಳು ದಾರಿ ಮುಚ್ಚುವುದಿಲ್ಲ.

ಬಾಡಿಗೆಗೆ ಹಿಡಿಯುವ ಮೊದಲು ಒಂದನ್ನು ಕೇಳಲೇಬೇಕು: ಕೊಡುವ ಪ್ರಿಫಿಕ್ಸನ್ನು ಸರ್ವರಿನ ಕಡೆಗೆ ರೂಟ್ ಮಾಡಿಕೊಡುತ್ತಾರೆಯೇ, ಅಂದರೆ ಅದಕ್ಕೆ ಬಂದದ್ದನ್ನೆಲ್ಲ ನೇರ ಸರ್ವರಿಗೇ ಕಳಿಸುತ್ತಾರೆಯೇ? ನಾನು ಮೊದಲು ಹಿಡಿದ ಕಡೆ ಕೊಟ್ಟದ್ದು ಬರೀ 16 ವಿಳಾಸ. ಎರಡನೆಯ ಕಡೆ /64 ಇತ್ತು, ಆದರೆ ರೂಟ್ ಮಾಡಿರಲಿಲ್ಲ. ಅಲ್ಲಿನ ರೂಟರ್ ಪ್ರತಿ ವಿಳಾಸಕ್ಕೂ 'ಇದು ಯಾರದು' ಎಂದು ಕೂಗುತ್ತಿತ್ತು, ಮನೆಯಲ್ಲಿರುವ ಯಂತ್ರಕ್ಕೆ ಆ ಕೂಗು ಕೇಳುವುದು ಹೇಗೆ? ಮನೆಯ ಪರವಾಗಿ ಸರ್ವರೇ ಓಗೊಡಲು ಎನ್‌ಡಿಪಿ ಪ್ರಾಕ್ಸಿ ಇಟ್ಟುಕೊಂಡೆ. ನಡೆಯುತ್ತದೆ, ಆದರೆ ರೂಟ್ ಮಾಡಿಕೊಡುವವರು ಸಿಕ್ಕರೆ ಅವರನ್ನೇ ಹಿಡಿಯಿರಿ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಮನೆಯ ಯಂತ್ರಕ್ಕೆ ಈಗ ಎರಡು ಕಡೆಯ ವಿಳಾಸ: ಫೈಬರ್ ಕಂಪನಿಯದೊಂದು, ಬಾಡಿಗೆ ಸರ್ವರಿನದೊಂದು. ತಮ್ಮ ಬಾಡಿಗೆ ಸರ್ವರಿನ ವಿಳಾಸಕ್ಕೆ ಬಂದ. ಟಿಸಿಪಿಡಂಪ್ ಹಾಕಿ ನೋಡುತ್ತಿದ್ದೆ, ಅವನ ಪ್ಯಾಕೆಟ್ ಒಳಗೆ ಬಂದದ್ದು ಕಣ್ಣಿಗೆ ಕಾಣುತ್ತಿತ್ತು. ನಮ್ಮ ಉತ್ತರವೂ ಹೊರಟಿತು, ಅವನಿಗೆ ಮುಟ್ಟಲಿಲ್ಲ. ಉತ್ತರ ಹೋಗುತ್ತಿದ್ದದ್ದು ಫೈಬರ್ ಬಾಗಿಲಿನಿಂದ. ತನ್ನದಲ್ಲದ ವಿಳಾಸ ಹೊತ್ತ ಪ್ಯಾಕೆಟ್ಟನ್ನು ಆ ಕಂಪನಿ ಹೊರಗೆ ಬಿಡುವುದಿಲ್ಲ, ಬಿಡಲೂಬಾರದು. ಹುಸಿ ವಿಳಾಸದ ದಾಳಿಗಳನ್ನು ತಡೆಯುವ ಒಳ್ಳೆಯ ಪದ್ಧತಿ ಅದು. ತಿದ್ದಿಕೊಳ್ಳಬೇಕಾದದ್ದು ನಾನು. ಈ ಪ್ರಿಫಿಕ್ಸಿನಿಂದ ಹೊರಡುವುದೆಲ್ಲ ವೈರ್‌ಗಾರ್ಡ್ ಮೂಲಕವೇ ಹೋಗಲಿ ಎಂದು ಪ್ರತ್ಯೇಕ ರೂಟ್ ಪಟ್ಟಿ ಮಾಡಿ, 'ಐಪಿ ರೂಲ್' ಒಂದನ್ನು ಬರೆದೆ. ಆ ಕ್ಷಣವೇ ಜರ್ಮನಿಯಲ್ಲಿ ಚಂಡೆ ಕೇಳಿಸಿತು.

ಬೆಂಗಳೂರು ಹತ್ತಿರವೇ ಆದ್ದರಿಂದ ಈ ಸುತ್ತುದಾರಿಗೆ ಮೂರು ನಾಲ್ಕು ಮಿಲಿಸೆಕೆಂಡ್ ಮಾತ್ರ ಹೆಚ್ಚು. ತಿಂಗಳಿಗೆ ಕೆಲವು ನೂರು ರೂಪಾಯಿ ಖರ್ಚು, ಜೊತೆಗೆ ಬಾಡಿಗೆ ಸರ್ವರನ್ನೂ ಆಗಾಗ ನವೀಕರಿಸುವ ಹೊಣೆ. ಮೊಬೈಲ್ ಹಾಟ್‌ಸ್ಪಾಟಿನ ಐಪಿವಿ6 ಅನ್ನು ನೇರವಾಗಿ ಬಳಸಿಯೂ ನೋಡಿದ್ದೆ. ಲ್ಯಾಪ್‌ಟಾಪಿಗೆ ಕ್ಷಣದಲ್ಲಿ ವಿಳಾಸ ಬಂತು, ಹೊರಗಿನಿಂದ ಮಾತ್ರ ಯಾರೂ ಒಳಗೆ ಬರಲಾಗಲಿಲ್ಲ. ಅದನ್ನು ಸ್ಪರ್ಧೆಯಲ್ಲಿ ಸೇರಿಸಿಲ್ಲ.

ಈಗ ಮನೆಯಲ್ಲಿ ಎರಡೂ ಇವೆ. ಮನೆಯವರ ದಿನದ ಓಡಾಟಕ್ಕೆ ಕಂಪನಿಯ ಐಪಿವಿ6, ಹಾಡಿನ ಯಂತ್ರಕ್ಕೆ ವೈರ್‌ಗಾರ್ಡ್. ಹರಿಕೇನ್ ಸುರಂಗವನ್ನು ಕಳಚಿದೆ, ಅದರ ನಾಲ್ಕು ಸಾಲುಗಳನ್ನು ಒಂದು ಕಡತದಲ್ಲಿ ಉಳಿಸಿಕೊಂಡಿದ್ದೇನೆ.

ಕಳೆದ ಜುಲೈನಲ್ಲಿ ಒಂದು ರಾತ್ರಿ ದಾರಿಯ ಮೇಲೆ ಮರ ಬಿದ್ದು ಫೈಬರ್ ತುಂಡಾಯಿತು. ತಮ್ಮ ಆಗ ಕೇಳುತ್ತಿದ್ದ. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಡೆಬಿಯನ್ ಯಂತ್ರಕ್ಕೆ ಜೋಡಿಸಿದೆ. ಹೊರಗಿನ ಐಪಿವಿ4 ಪೂರ್ತಿ ಬೇರೆಯಾದರೂ ವೈರ್‌ಗಾರ್ಡ್ ಹೊಸ ದಾರಿ ಹಿಡಿದು ಬೆಂಗಳೂರನ್ನು ಮುಟ್ಟಿತು, ಒಳಗಿನ ಐಪಿವಿ6 ವಿಳಾಸದಲ್ಲಿ ಒಂದು ಅಂಕಿಯೂ ಬದಲಾಗಲಿಲ್ಲ. ಫೋನ್ ಮಾಡಿ ಹಾಡು ನಿಂತಿತೇ ಎಂದು ಕೇಳಿದೆ. "ಇಲ್ಲ ಅಕ್ಕಾ, ಒಂದು ಸಲ ತಡೆಯಿತು, ಅಷ್ಟೆ. ಅಪ್ಪಯ್ಯ ಈಗ ಅರ್ಥ ಶುರು ಮಾಡಿದ್ದಾರೆ, ಆಮೇಲೆ ಮಾತಾಡೋಣ" ಎಂದು ಫೋನ್ ಇಟ್ಟ.