ಹಳೆಯ ಕಾರನ್ನು ಹಡಗು ಹತ್ತಿಸುವ ಮುನ್ನ ಇದನ್ನು ಓದಿ

ವಿದೇಶದ ಕೆಲಸ ಮುಗಿಸಿ ಸಂಸಾರ ಸಮೇತ ಊರಿಗೆ ಮರಳಲು ಹೊರಟವರಿಗೆ ಯಾರಾದರೂ ‘ನಿಮ್ಮ ಹಳೆಯ ಕಾರನ್ನೂ ಕಂಟೇನರ್‌ಗೆ ಏರಿಸಿಬಿಡೋಣ’ ಎಂದರೆ ಮಾತನ್ನು ಅಲ್ಲಿಗೇ ನಿಲ್ಲಿಸಿ. ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ನೀತಿಯಲ್ಲಿ ಇದು ಸ್ಪಷ್ಟವಾಗಿದೆ. ಈ ಒಂದು ಸಾಲನ್ನು ಮುಚ್ಚಿಟ್ಟು ಒಬ್ಬ ಏಜೆಂಟ್ ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ನಮ್ಮ ಚಿಕ್ಕಪ್ಪನ ಮನೆಯವರ ಉಳಿತಾಯವನ್ನೆಲ್ಲ ಕರಗಿಸಿದ.

ಚಿಕ್ಕಪ್ಪನ ಮಗ, ಅಂದರೆ ನನ್ನ ತಮ್ಮ, ಸಿಂಗಾಪುರದಲ್ಲಿದ್ದ. ಚಿಕ್ಕಪ್ಪ ಹಾಸಿಗೆ ಹಿಡಿದ ಮೇಲೆ ಕೆಲಸ ಬಿಟ್ಟು ಹೆಂಡತಿ ಮಗುವಿನೊಂದಿಗೆ ಹೊರಟು ಬಂದ. ಅವನ ಕಾರಿಗೆ ಮೂರು ವರ್ಷ ಎಂದೋ ದಾಟಿತ್ತು. ಮನೆ ಸಾಮಾನು ಸಾಗಿಸಲು ಒಪ್ಪಿಕೊಂಡ ಏಜೆಂಟನೇ ಕಾರಿನ ಮಾತು ತೆಗೆದದ್ದು.

ಸಿಂಗಾಪುರದಿಂದ ಬರುವವರು ಈ ಬಲೆಗೆ ಸುಲಭವಾಗಿ ಬೀಳುವುದಕ್ಕೆ ಕಾರಣವಿದೆ. ಅಲ್ಲಿ ಕಾರು ಇಟ್ಟುಕೊಳ್ಳಲು ಹತ್ತು ವರ್ಷದ ಅನುಮತಿ ಪತ್ರವನ್ನು ದುಬಾರಿ ಬೆಲೆಗೆ ಕೊಳ್ಳಬೇಕು. ಅವಧಿಗೆ ಮೊದಲೇ ನೋಂದಣಿ ರದ್ದು ಮಾಡಿಸಿದರೆ ಕಟ್ಟಿದ ಹಣದಲ್ಲಿ ಒಂದು ಭಾಗ ವಾಪಸ್ಸು ಬರುತ್ತದೆ. ಆಮೇಲೆ ಉಳಿಯುವುದು ಬರೀ ಗಾಡಿ. ಅದನ್ನು ಗುಜರಿಗೆ ಹಾಕಬೇಕು, ಇಲ್ಲವೇ ದೇಶದಿಂದ ಹೊರಗೆ ಕಳಿಸಬೇಕು. ಚೆನ್ನಾಗಿ ಓಡುತ್ತಿರುವ ಕಾರನ್ನು ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಏಜೆಂಟ್ ಅಲ್ಲಿಯೇ ಕೈ ಇಟ್ಟ. ‘ಬಲಗಡೆ ಸ್ಟೀರಿಂಗ್ ಇದೆ ಸರ್, ನಮ್ಮ ರಸ್ತೆಗೆ ಹೇಳಿ ಮಾಡಿಸಿದ ಹಾಗಿದೆ. ಮೂರು ವರ್ಷದ ನಿಯಮ ವ್ಯಾಪಾರಿಗಳಿಗೆ ಮಾತ್ರ. ನೀವು ವಾಪಸ್ಸು ಬರುತ್ತಿರುವವರು, ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್, ಅಂದರೆ ವಾಸ ಬದಲಿಸಿ ಬರುವವರ ಸುಂಕ ರಿಯಾಯಿತಿಯಲ್ಲಿ ಮನೆ ಸಾಮಾನಿನ ಜೊತೆಗೇ ಬರುತ್ತದೆ. ಮುಂಬೈ ಯಾಕೆ, ನಿಮಗೆ ಚೆನ್ನೈ ಹತ್ತಿರ.’

ಇದರಲ್ಲಿ ಸ್ಟೀರಿಂಗ್ ಮಾತೊಂದು ಬಿಟ್ಟರೆ ಉಳಿದುದೆಲ್ಲ ಸುಳ್ಳು. ಆ ರಿಯಾಯಿತಿ ಇರುವುದು ಪ್ರಯಾಣಿಕರು ತರುವ ಸಾಮಾನಿಗೆ, ಅಂದರೆ ಬ್ಯಾಗೇಜ್‌ಗೆ ಮಾತ್ರ. 1962ರ ಕಸ್ಟಮ್ಸ್ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಬ್ಯಾಗೇಜ್ ಎಂದರೆ ಏನು ಎಂದು ಹೇಳುವಾಗಲೇ ಮೋಟಾರು ವಾಹನ ಅದರೊಳಗೆ ಬರುವುದಿಲ್ಲ ಎಂದಿದೆ. ಎಷ್ಟೇ ವರ್ಷ ಹೊರಗಿದ್ದು ಬಂದಿರಲಿ, ಫ್ರಿಜ್, ಟಿವಿಗೆ ಸಿಗುವ ರಿಯಾಯಿತಿ ಕಾರಿಗೆ ಸಿಗುವುದಿಲ್ಲ. ಚೆನ್ನೈ ಬಂದರಿಗೆ ಹೊಸ ಕಾರುಗಳು ಬರುತ್ತವೆ, ನಿಜ. ಬಳಸಿದ ಕಾರಿಗೆ ಇರುವುದು ಮುಂಬೈ ಬಂದರು ಒಂದೇ.

ಚೆನ್ನೈನ ಕಂಟೇನರ್ ಯಾರ್ಡ್‌ಗೆ ತಮ್ಮನ ಜೊತೆ ನಾನೂ ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ಎದುರಿಗೆ ಕಂಡದ್ದು ಕಾರಿನ ಹಿಂಭಾಗ. ನಾಲ್ಕು ಚಕ್ರಕ್ಕೂ ಪಟ್ಟಿ ಬಿಗಿದು, ಅಡಿಗೆ ಮರದ ತುಂಡುಗಳನ್ನು ಕೊಟ್ಟು ನಿಲ್ಲಿಸಿದ್ದರು. ಸಾಮಾನೆಲ್ಲ ಅದರ ಆಚೆ, ಒಳಗಡೆ. ಚಿಕ್ಕಪ್ಪನಿಗೆಂದು ತಂದಿದ್ದ, ತಲೆಯ ಭಾಗ ಮೇಲೇಳುವ ಮಂಚ ಕೂಡ ಅಲ್ಲೇ ಇತ್ತು. ಅಧಿಕಾರಿ ಸಿಂಗಾಪುರದ ನೋಂದಣಿ ವಿವರದ ಪ್ರತಿಯಲ್ಲಿ ತಯಾರಿಕೆಯ ವರ್ಷ ಎಂಬ ಸಾಲಿನ ಮೇಲೆ ಬೆರಳಿಟ್ಟು, ‘ಇದನ್ನು ಕಳಿಸುವ ಮೊದಲು ಯಾರೂ ನೋಡಲಿಲ್ಲವೇ?’ ಎಂದು ಕೇಳಿದರು. ಆ ಪ್ರತಿಯನ್ನು ನನ್ನ ತಮ್ಮ ಮೊದಲ ದಿನವೇ ಏಜೆಂಟನಿಗೆ ಕೊಟ್ಟಿದ್ದ. ಕಾರಿನ ವಯಸ್ಸು ಗೊತ್ತಿದ್ದೂ ಆತ ಬಾಡಿಗೆ ಪಡೆದಿದ್ದ. ನನಗೆ ಇಂದಿಗೂ ಸಹಿಸಲಾಗದ ಸಂಗತಿ ಇದೇ.

ಕಾರಿನ ಜೊತೆಗೆ ಸಾಮಾನೂ ಸಿಕ್ಕಿಕೊಂಡಿತು. ಕಂಟೇನರ್ ಖಾಲಿ ಮಾಡಿ ಹಿಂದಿರುಗಿಸುವವರೆಗೆ ಹಡಗು ಕಂಪನಿ ಡಾಲರ್ ಲೆಕ್ಕದಲ್ಲಿ ದಿನದ ಶುಲ್ಕ ಹಾಕುತ್ತದೆ. ಯಾರ್ಡ್‌ನವರ ನೆಲಬಾಡಿಗೆ ಬೇರೆ. ದಿನ ಕಳೆದಂತೆ ದರವೂ ಏರುತ್ತದೆ. ಏಜೆಂಟ್ ‘ಒಳಗೆ ನನಗೆ ಗೊತ್ತಿರುವವರಿದ್ದಾರೆ’ ಎಂದು ಇನ್ನಷ್ಟು ಹಣ ಕೇಳಿದ. ಕೊಡುವುದಿಲ್ಲ ಎಂದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ನಂತರ ಬಂದದ್ದು ಕಾರಣ ಕೇಳಿ ಕಸ್ಟಮ್ಸ್‌ನ ನೋಟಿಸ್. ಆಮದಿಗೆ ಅವಕಾಶವಿಲ್ಲದ ಸರಕನ್ನು ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್ ಅಡಿ ಮುಟ್ಟುಗೋಲು ಹಾಕಿಕೊಳ್ಳಬಹುದು. ಅದನ್ನು ಬಿಡಿಸಿಕೊಳ್ಳಲು 125ನೇ ಸೆಕ್ಷನ್ ಅಡಿ ದಂಡ. ಇದಲ್ಲದೆ ಆಮದು ಮಾಡಿದವನ ಮೇಲೆ ಪ್ರತ್ಯೇಕ ದಂಡ. ಆಮದು ಮಾಡಿದವನು ಎಂದರೆ ಕಾಗದದಲ್ಲಿ ಹೆಸರಿರುವ ತಮ್ಮ. ಏಜೆಂಟನ ಹೆಸರು ಎಲ್ಲಿಯೂ ಇರಲಿಲ್ಲ.

ವಾಪಸ್ಸು ಸಿಂಗಾಪುರಕ್ಕೆ ಕಳಿಸೋಣವೆಂದರೆ ಆ ದೇಶವೂ ಮೂರು ವರ್ಷ ಮೀರಿದ ಬಳಸಿದ ಕಾರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೋಂದಣಿ ರದ್ದಾಗಿ ಹಡಗು ಹತ್ತಿದ ಕಾರಿಗೆ ತವರಿನ ಬಾಗಿಲೂ ಮುಚ್ಚಿದಂತೆಯೇ. ಕೊನೆಗೆ ದಂಡ ಕಟ್ಟಿ, ಎಂಟು ವರ್ಷದವರೆಗಿನ ಕಾರುಗಳನ್ನು ಒಪ್ಪುವ ಕೆನ್ಯಾದ ಕಡೆಗೆ ಮರುರಫ್ತು ಮಾಡಿದ್ದಾಯಿತು. ಮಾರಿದ ಹಣ ಸಾಗಣೆಯ ಖರ್ಚಿಗೂ ಸಾಲಲಿಲ್ಲ. ನೋಂದಣಿ ರದ್ದತಿಯಿಂದ ಬಂದಿದ್ದ ಹಣ, ಚಿಕ್ಕಮ್ಮ ಚಿಕ್ಕಪ್ಪನ ಆಸ್ಪತ್ರೆಗೆಂದು ಇಟ್ಟಿದ್ದ ಠೇವಣಿ, ಎರಡೂ ಇದರಲ್ಲೇ ಹೋದವು. ಮಂಚ ಮನೆ ಸೇರುವವರೆಗೆ ತಿಂಗಳುಗಟ್ಟಲೆ ಚಿಕ್ಕಪ್ಪ ದಿಂಬುಗಳಿಗೆ ಒರಗಿ ಕುಳಿತಿದ್ದರು.

ಮೂರು ವರ್ಷದೊಳಗಿನ ಕಾರಾದರೆ ತರಬಹುದಲ್ಲ ಎನ್ನುವವರೂ ಸ್ವಲ್ಪ ನಿಲ್ಲಿ. ಲೆಕ್ಕ ಹಿಡಿಯುವುದು ತಯಾರಾದ ದಿನದಿಂದ, ನೀವು ನೋಂದಣಿ ಮಾಡಿಸಿದ ದಿನದಿಂದಲ್ಲ. ಸ್ಟೀರಿಂಗ್ ಬಲಕ್ಕಿರಬೇಕು, ಹಾಗಾಗಿ ದುಬೈ, ಕುವೈತ್, ಅಮೆರಿಕದ ಮಾಮೂಲಿ ಕಾರುಗಳು ಆಗಲೇ ಹೊರಗುಳಿದವು. ವೇಗಮಾಪಕ ಕಿಲೋಮೀಟರ್ ತೋರಿಸಬೇಕು, ಹೆಡ್‌ಲೈಟ್ ಎಡಬದಿಯ ಸಂಚಾರಕ್ಕೆ ಹೊಂದಬೇಕು. ಹಡಗು ಹತ್ತಿಸುವ ಮೊದಲಿನ ತಪಾಸಣೆಯ ಪ್ರಮಾಣಪತ್ರ ಬೇಕು. ಇಲ್ಲಿಗೆ ಬಂದ ಮೇಲೆ ಪುಣೆಯ ಎಆರ್‌ಎಐನಂತಹ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಮತ್ತೊಮ್ಮೆ ಪರೀಕ್ಷೆ. ಇನ್ನು ಸುಂಕಕ್ಕೆ ನೀವು ಕೊಂಡ ರಸೀದಿಯ ಬೆಲೆ ನಡೆಯುವುದಿಲ್ಲ. ಹೊಸ ಕಾರಿನ ಬೆಲೆ ಹಿಡಿದು, ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೇ ವರ್ಷ ಶೇ 3, ಮೂರನೆಯದರಲ್ಲಿ ಶೇ 2.5ರಂತೆ ಸವಕಳಿ ಕಳೆಯುವುದು ಕಸ್ಟಮ್ಸ್ ಪದ್ಧತಿ. ಅಂದರೆ ಮೂರು ವರ್ಷ ತುಂಬಿದ ಕಾರಿನಲ್ಲಿಯೂ ಶೇ 62ರಷ್ಟು ಬೆಲೆ ಉಳಿದಿರುತ್ತದೆ. ಅದರ ಮೇಲೆ ಬೀಳುವ ಸುಂಕ, ತೆರಿಗೆ ಎಲ್ಲ ಸೇರಿದರೆ ಆ ಬೆಲೆಯನ್ನೇ ಮೀರುತ್ತದೆ. ಅಷ್ಟು ಹಣಕ್ಕೆ ತುಮಕೂರಿನ ಬಿ.ಎಚ್. ರಸ್ತೆಯ ಯಾವುದಾದರೂ ಶೋರೂಮಿನಲ್ಲಿ ಹೊಸ ಕಾರೇ ಬರುತ್ತದೆ.

ನಮ್ಮ ಗೋಳು ಕೇಳಿದ ಪರಿಚಯದವರೊಬ್ಬರು, ‘ಹಡಗಿನ ಗೊಡವೆ ಬೇಡ, ಭೂತಾನ್‌ನಿಂದ ರಸ್ತೆಯಲ್ಲೇ ಬಂದಿರುವ ಹಳೆಯ ಎಸ್‌ಯುವಿ ಕೊಡಿಸುತ್ತೇನೆ’ ಎಂದರು. ಅದು ಇನ್ನೂ ಅಪಾಯ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ‘ಆಪರೇಷನ್ ನುಮ್ಖೋರ್’ ಹೆಸರಿನಲ್ಲಿ ಕಸ್ಟಮ್ಸ್ ದಾಳಿ ನಡೆಸಿದ್ದು, ಭೂತಾನ್‌ನಿಂದ ಕಳ್ಳದಾರಿಯಲ್ಲಿ ತಂದು ನಕಲಿ ದಾಖಲೆಯ ಮೇಲೆ ನೋಂದಣಿ ಮಾಡಿಸಲಾಗಿದೆ ಎಂಬ ಆರೋಪದ ಕಾರುಗಳ ಮೇಲೆಯೇ. ಕೊನೆಯಲ್ಲಿ ಕೊಂಡವನ ಮನೆ ಅಂಗಳದಿಂದಲೇ ಗಾಡಿ ಹೋಗುತ್ತದೆ. ವಿದೇಶಿ ಮೂಲದ ಹಳೆಯ ಕಾರು ಎಂದು ಯಾರೇ ತೋರಿಸಿದರೂ ಆರ್‌ಸಿ ಕಾರ್ಡ್ ನೋಡಿ ತೃಪ್ತರಾಗಬೇಡಿ. ಮೊದಲ ನೋಂದಣಿಗೆ ಕಸ್ಟಮ್ಸ್ ತೆರವು ಪ್ರಮಾಣಪತ್ರ ಕೊಟ್ಟಿರಲೇಬೇಕು. ಅದನ್ನೂ ಬಿಲ್ ಆಫ್ ಎಂಟ್ರಿಯ (ಆಮದಿನ ವೇಳೆ ಕಸ್ಟಮ್ಸ್‌ಗೆ ಸಲ್ಲಿಸುವ ವಿವರಪತ್ರ) ಪ್ರತಿಯನ್ನೂ ಕೇಳಿ, ಚಾಸಿ ನಂಬರನ್ನು ಗಾಡಿಯ ಮೇಲಿನದರೊಂದಿಗೆ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ‘ಮುಂದಿನ ವಾರ ತರಿಸಿಕೊಡುತ್ತೇನೆ’ ಎಂದರೆ ಮುಂಗಡವನ್ನೂ ಮುಂದಿನ ವಾರಕ್ಕೇ ಇಡಿ.