ಕಡಲ ಫೋಟೋಗಳಿಗೆ ಎರಡು ವರ್ಷ ವಿಮರ್ಶೆ ಪಡೆದ ಮೇಲೆ

ತಿಂಗಳಿಗೆ 4 ಫೋಟೋ ಕಳಿಸಬಹುದು. ಅನುಭವಿ ಛಾಯಾಗ್ರಾಹಕರೊಬ್ಬರು ಅವನ್ನು ನೋಡಿ, ಫೋಟೋ ಮೇಲೆಯೇ ಗೆರೆ ಎಳೆದು, ಹತ್ತು ನಿಮಿಷದ ಆಡಿಯೋ ಜೊತೆ ವಾಪಸ್ ಕಳಿಸುತ್ತಾರೆ. ಇಂಥ ಒಂದು ಚಂದಾ ಸೇವೆಯನ್ನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ನಾನು ಕಳಿಸುವುದೆಲ್ಲ ಕಡಲ ತೀರದ ಫೋಟೋಗಳೇ. ದೂರುಗಳೂ ಇರುವುದರಿಂದ ಸೇವೆಯ ಹೆಸರು ಹೇಳುವುದಿಲ್ಲ. ಆದರೆ ಇದರಿಂದ ನನ್ನ ಫೋಟೋ ಸುಧಾರಿಸಿದೆಯಾ ಎಂದು ಕೇಳಿದರೆ, ಖಂಡಿತ ಹೌದು.

ಮೊದಲು ಕಳಿಸಿದ್ದು ನನಗೆ ತುಂಬಾ ಇಷ್ಟವಾಗಿದ್ದ ಫೋಟೋ. ಮುಳುಗುವ ಸೂರ್ಯ, ಮುಂದೆ ಪಾಚಿ ಹಿಡಿದ ಬಂಡೆ, ಹಿಂದೆ ಕಡಲು. ನೋಡಿದವರೆಲ್ಲ ಚೆನ್ನಾಗಿದೆ ಅಂದಿದ್ದರು. ವಾಪಸ್ ಬಂದಾಗ ಅದರ ಮೇಲೆ ಮೂರು ಕೆಂಪು ಗುರುತುಗಳಿದ್ದವು. ಒಂದು, ಬಂಡೆಯ ತುದಿ ದಿಗಂತದ ಗೆರೆಗೆ ಸರಿಯಾಗಿ ತಾಗಿತ್ತು. ಎರಡು, ಗೆರೆ ಒಂದು ಡಿಗ್ರಿ ವಾಲಿತ್ತು. ಮೂರು, ಎಡಗಡೆಯ ಕೆಳಮೂಲೆಯಲ್ಲಿ ಬೆಳ್ಳಗಿನ ನೊರೆಯ ತುಂಡೊಂದು ಸುಮ್ನೆ ಕಣ್ಣನ್ನು ಆ ಕಡೆ ಎಳೆಯುತ್ತಿತ್ತು.

ಒಂದು ಡಿಗ್ರಿ ಏನು ಮಹಾ ಅನಿಸುತ್ತದೆ, ಅಲ್ವಾ? 6000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಗೆರೆಯ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 105 ಪಿಕ್ಸೆಲ್ ಮೇಲೇರುತ್ತದೆ. ನೀರು ಒಂದು ಕಡೆ ಸೋರಿ ಹೋಗುತ್ತಿರುವಂತೆ ಕಾಣುತ್ತದೆ. ಆಮೇಲೆ ಕಂಪ್ಯೂಟರ್‌ನಲ್ಲಿ ನೇರ ಮಾಡಬಹುದು, ಆದರೆ ಮೂಲೆಗಳು ಕಟ್ ಆಗುತ್ತವೆ. ನಾನು ನೇರ ಮಾಡಿದಾಗ ಅಂಚಿನಲ್ಲಿ ಬೇಕೆಂದೇ ಇಟ್ಟಿದ್ದ ಸಣ್ಣ ಬಂಡೆಯ ಅರ್ಧ ಭಾಗವೇ ಹೋಯಿತು.

ನನಗೆ ಅತಿ ಹೆಚ್ಚು ಉಪಯೋಗವಾದದ್ದು ಬಂಡೆಯ ತುದಿಯ ಬಗ್ಗೆ ಅವರು ಹೇಳಿದ ಮಾತು. ಕಡಲಿನ ಫೋಟೋದಲ್ಲಿ ದಿಗಂತ ಯಾವಾಗಲೂ ಕ್ಯಾಮೆರಾದ ಎತ್ತರಕ್ಕೇ ಬರುತ್ತದೆ. ಕ್ಯಾಮೆರಾಗಿಂತ ಎತ್ತರದ ಬಂಡೆ ಗೆರೆಯನ್ನು ದಾಟಿ ಆಕಾಶಕ್ಕೆ ಚಾಚುತ್ತದೆ. ಗಿಡ್ಡ ಬಂಡೆ ಗೆರೆಯ ಕೆಳಗೇ ಉಳಿಯುತ್ತದೆ. ಎರಡರ ಎತ್ತರ ಒಂದೇ ಆದರೆ ತುದಿ ಗೆರೆಗೆ ಅಂಟಿಕೊಳ್ಳುತ್ತದೆ. ಆಗ ಬಂಡೆ ಯಾವುದು, ಕಡಲು ಎಲ್ಲಿಂದ ಶುರು ಎಂದು ಕಣ್ಣು ತಡವರಿಸುತ್ತದೆ. ಟ್ರೈಪಾಡ್ ಒಂದು ಅಡಿ ಎತ್ತಿದ್ದರೆ ನಡುವೆ ನೀರಿನ ಪಟ್ಟಿ ಕಾಣುತ್ತಿತ್ತು. ನಾನು ಅಲ್ಲಿಯವರೆಗೆ ಟ್ರೈಪಾಡ್ ಕಾಲುಗಳನ್ನು ಪ್ರತಿ ಸಲ ಒಂದೇ ಎತ್ತರಕ್ಕೆ ಬಿಚ್ಚುತ್ತಿದ್ದೆ. ಈಗ ಮೊದಲು ಕ್ಯಾಮೆರಾ ಕೈಯಲ್ಲಿ ಹಿಡಿದು ಕೂತು, ಬಗ್ಗಿ, ನಿಂತು ನೋಡುತ್ತೇನೆ. ಎತ್ತರ ಗೊತ್ತಾದ ಮೇಲೆ ಟ್ರೈಪಾಡ್ ಹೂಡುತ್ತೇನೆ.

ಇನ್ನೊಂದು ದೊಡ್ಡ ಬದಲಾವಣೆ ಅಲೆಯ ವಿಷಯದಲ್ಲಿ. 10 ಸ್ಟಾಪ್‌ನ ಎನ್‌ಡಿ ಫಿಲ್ಟರ್ (ಲೆನ್ಸ್‌ಗೆ ಬರುವ ಬೆಳಕನ್ನು ಸುಮಾರು ಸಾವಿರದಲ್ಲೊಂದು ಭಾಗಕ್ಕೆ ಇಳಿಸುವ ಕಪ್ಪು ಗಾಜು) ಕೊಂಡಾಗಿನಿಂದ ಎಲ್ಲಕ್ಕೂ ಅದನ್ನೇ ಹಾಕುತ್ತಿದ್ದೆ. ಶಟರ್ ಸೆಕೆಂಡಿನ 1/30 ಭಾಗ ತೆರೆದರೆ ಸಾಕಾಗುವ ಬೆಳಕಿನಲ್ಲಿ ಅದು 34 ಸೆಕೆಂಡ್ ಬೇಡುತ್ತದೆ. ಕಡಲು ಮಂಜಿನಂತೆ ನುಣ್ಣಗಾಗುತ್ತದೆ. ಕೆಲವು ಫೋಟೋಗೆ ಅದು ಚೆಂದ. ಆದರೆ ವಿಮರ್ಶಕರು ಕೇಳಿದ್ದು ಒಂದೇ ಪ್ರಶ್ನೆ: "ನೋಡುವವರ ಕಣ್ಣು ಮುಂದಿನಿಂದ ಹಿಂದಕ್ಕೆ ಹೋಗಲು ದಾರಿ ಎಲ್ಲಿದೆ?" ನೀರು ಹಿಂದೆ ಸರಿಯುವಾಗ ಶಟರ್ ಅನ್ನು ಅರ್ಧ ಸೆಕೆಂಡ್‌ನಿಂದ ಒಂದು ಸೆಕೆಂಡ್‌ವರೆಗೆ ತೆರೆದಿಟ್ಟು ನೋಡಿ ಎಂದರು. ಒಂದೇ ಜಾಗದಲ್ಲಿ ನಿಂತು ನಲವತ್ತು ಸಲ ಕ್ಲಿಕ್ ಮಾಡಿದೆ. ಮೂವತ್ತೊಂದನೆಯದರಲ್ಲಿ ಬಂತು. ಬಂಡೆಯ ಎರಡೂ ಬದಿಯಿಂದ ನೊರೆ ಬಾಚಣಿಗೆಯ ಹಲ್ಲಿನಂತೆ ಎಳೆ ಎಳೆಯಾಗಿ ಕಡಲಿಗೆ ಮರಳುತ್ತಿತ್ತು, ಕಣ್ಣೂ ಅದರ ಜೊತೆ ಹೋಗುತ್ತಿತ್ತು. ಅಲೆ ನುಗ್ಗಿ ಬರುವಾಗ ತೆಗೆದವುಗಳಲ್ಲಿ ಬರೀ ಬಿಳಿ ಗೊಂದಲ.

ಆಕಾಶ ಬೆಳ್ಳಗಾಗುವ ಸಮಸ್ಯೆಗೆ ಎರಡು ಎಕ್ಸ್‌ಪೋಷರ್ (ಕಡಲಿಗೊಂದು, ಆಕಾಶಕ್ಕೊಂದು ಬೆಳಕಿನ ಅಳತೆಯಲ್ಲಿ ತೆಗೆದ ಫೋಟೋ) ಜೋಡಿಸಿ ಎಂದು ವಿಮರ್ಶಕರು ಹೇಳಿದಾಗ ನನಗೆ ಹಿಂಜರಿಕೆ ಇತ್ತು, ಮೋಸ ಅನಿಸುತ್ತಿತ್ತು. ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ, ದಿಗಂತದಲ್ಲಿ ಸೇರಿಸಿ ಪ್ರಿಂಟ್ ಮಾಡಿದ್ದರು ಎಂದು ಅವರು ಹೇಳಿದ ಮೇಲೆ ಆ ಹಿಂಜರಿಕೆ ಹೋಯಿತು.

ಈಗ ದೂರುಗಳು. ಏಳನೇ ತಿಂಗಳಲ್ಲಿ ಹೇಳದೆ ಕೇಳದೆ ನನ್ನ ವಿಮರ್ಶಕರನ್ನು ಬದಲಿಸಿದರು. ಐದು ದಿನದಲ್ಲಿ ಬರಬೇಕಾದ ಉತ್ತರ ಮೂರು ವಾರ ತಡವಾಯಿತು. ಬಂದದ್ದೂ ಯಾವ ಫೋಟೋಗಾದರೂ ಅಂಟಿಸಬಹುದಾದ ಮಾತು: ದಿಗಂತವನ್ನು ಮೂರನೇ ಒಂದು ಭಾಗದಲ್ಲಿಡಿ, ಬಣ್ಣ ಸ್ವಲ್ಪ ಜಾಸ್ತಿ ಮಾಡಿ. ಆ ಫೋಟೋದಲ್ಲಿ ನಿಂತ ನೀರಿನಲ್ಲಿ ಆಕಾಶದ ಪ್ರತಿಬಿಂಬವಿತ್ತು. ಅದಕ್ಕೆಂದೇ ಗೆರೆಯನ್ನು ನಟ್ಟನಡುವೆ ಇಟ್ಟಿದ್ದೆ. ತುಂಬಾ ಬೇಜಾರಾಯಿತು. ಪತ್ರ ಬರೆದ ಮೇಲೆ ಹಳೆಯ ವಿಮರ್ಶಕರೇ ಮರಳಿದರು. ಆದರೆ ಹಾಗೆ ಹಾಳಾದ ಆ ತಿಂಗಳ ದುಡ್ಡು ವಾಪಸ್ ಬರಲಿಲ್ಲ.

ಸೇರುವವರಿಗೆ ಒಂದು ಮಾತು. "ಹೇಗಿದೆ?" ಎಂದು ಕೇಳಬೇಡಿ. "ಬಲಗಡೆ ಖಾಲಿ ಅನಿಸುತ್ತಾ?" ಎಂಬಂಥ ಪ್ರಶ್ನೆ ಕೇಳಿದಾಗಲೇ ನನಗೆ ಕೆಲಸಕ್ಕೆ ಬರುವ ಉತ್ತರ ಸಿಕ್ಕಿದ್ದು. ಕ್ರಾಪ್ ಮಾಡದ, ಅಂದರೆ ಅಂಚು ಕತ್ತರಿಸದ ಫೈಲ್ ಕಳಿಸಿ. ಆ ಹೊತ್ತಿನಲ್ಲಿ ತೆಗೆದ, ಸರಿಯಾಗದ ಮೂರ್ನಾಲ್ಕು ಫ್ರೇಮ್‌ಗಳನ್ನೂ ಒಟ್ಟಿಗೆ ತೋರಿಸಿ. ನೀವು ಎಲ್ಲೆಲ್ಲಿ ನಿಂತಿದ್ದಿರಿ ಎಂಬುದು ಅವುಗಳಿಂದಲೇ ಅವರಿಗೆ ತಿಳಿಯುತ್ತದೆ.

ಮತ್ತೆ ತೆಗೆಯಿರಿ ಎಂದಾಗ ಮರುದಿನವೇ ಓಡಬೇಡಿ. ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ನಾನು ಕೆಲವು ದಿನ ಬಿಟ್ಟು ಅದೇ ಹೊತ್ತಿಗೆ ಹೋದಾಗ ನನ್ನ ಬಂಡೆ ನೀರಿನಡಿ ಇತ್ತು. ಸುಮಾರು 15 ದಿನ ಬಿಟ್ಟು ಹೋದರೆ ಅದೇ ಹೊತ್ತಿಗೆ ಹೆಚ್ಚುಕಡಿಮೆ ಅದೇ ನೀರು ಸಿಗುತ್ತದೆ.

ಮೂರನೇ ವರ್ಷಕ್ಕೂ ಮುಂದುವರಿಸಿದ್ದೇನೆ, ತಿಂಗಳಿಗೆ 2 ಫೋಟೋದ ಯೋಜನೆಯಲ್ಲಿ. ನಾಲ್ಕು ಕಳಿಸುವಾಗ ಲೆಕ್ಕ ತುಂಬಿಸಲು ಏನೋ ಒಂದು ಸೇರಿಸುತ್ತಿದ್ದೆ. ಕಳೆದ ತಿಂಗಳು ಅದೇ ಪಾಚಿ ಬಂಡೆಯನ್ನು ಮತ್ತೆ ಕಳಿಸಿದೆ. ತುದಿಗೂ ದಿಗಂತಕ್ಕೂ ನಡುವೆ ಈಗ ಒಂದು ಬೆರಳಿನಷ್ಟು ನೀರಿದೆ. ಈ ಸಲ ಬಂದದ್ದು ಒಂದೇ ಗುರುತು: ಬಲ ಅಂಚಿನಲ್ಲಿ ಅರ್ಧ ತುಂಡಾದ ಪುಟ್ಟ ಕಲ್ಲು. ಮುಂದಿನ ಹುಣ್ಣಿಮೆಗೆ ಹೋಗಿ ಎರಡು ಹೆಜ್ಜೆ ಎಡಕ್ಕೆ ನಿಲ್ಲುತ್ತೇನೆ.